ಸ್ಪರ್ಧೆ ಮತ್ತು ಚಿತ್ತಸ್ಥೈರ್ಯ: ಗಾಳದ ಒಂದು ನಿದರ್ಶನ

ಲಿಂಗಸುಗೂರು ತಾಲ್ಲೂಕಿನ ಕೃಷ್ಣಾತೀರದಲ್ಲಿ ಏಕಾಂಗಿಯಾಗಿ ಗಾಳ ಹಾಕುವವನ ಕೈ ನಡುಗದು. ಕೊಡಗಿನ ವಾಲ್ನೂರಿನಲ್ಲಿ ಕಾವೇರಿಯ ದಡದ ಮೇಲೆ ನಡೆದಂತಹ ಸ್ಪರ್ಧೆಗೆ ಅವನೇ ಮೊದಲ ಬಾರಿ ಇಳಿದರೆ ದಾರ ತೊಡಕಾಗುವುದೇಕೆ? ಪ್ರಚೋದನೆ ಮಿತಿಮೀರಿದರೆ ಕಠಿಣ ಕಲಿಕೆಯು ಕುಂಠಿತವಾಗುವುದೆಂದು ಯರ್ಕಿಸ್ ಮತ್ತು ಡಾಡ್ಸನ್ನರು 1908ರಲ್ಲಿ ಇಲಿಗಳ ಪ್ರಯೋಗದಿಂದ ತೋರಿಸಿದರು. ಪರರ ಸಾನ್ನಿಧ್ಯವು ರೂಢವಾದ ಕ್ರಿಯೆಯನ್ನು ಚುರುಕುಗೊಳಿಸಿ, ಹೊಸದಾಗಿ ಕಲಿಯುತ್ತಿರುವುದನ್ನು ಕೆಡಿಸುವುದೆಂದು ರಾಬರ್ಟ್ ಝಾಯನ್ಸ್ 1965ರಲ್ಲಿ ಪ್ರತಿಪಾದಿಸಿದರು. ಆದುದರಿಂದ ಸ್ಪರ್ಧೆಯ ದಿನ ಹೊಸ ಗಂಟನ್ನಾಗಲಿ, ಹೊಸ ಎರೆಯನ್ನಾಗಲಿ ಪರೀಕ್ಷಿಸುವುದು ಉಚಿತವಲ್ಲ. ಕೈಗೆ ರೂಢವಾದುದನ್ನೇ ಆಶ್ರಯಿಸಬೇಕು. ನೆರೆಯವನ ಬುಟ್ಟಿಯನ್ನು ಮರೆತು ತನ್ನ ಬೆಂಡಿನಲ್ಲಿಯೇ ದೃಷ್ಟಿಯನ್ನು ನಿಲ್ಲಿಸಬೇಕು. ಪರೀಕ್ಷಾಮಂದಿರವನ್ನು ಮೊದಲ ಸಲ ಹೊಗುವ ವಿದ್ಯಾರ್ಥಿಗೂ ಇದೇ ನಿಯಮವು ಅನ್ವಯಿಸುತ್ತದೆ. ಅಂದಿನ ಶಾಂತಿಯನ್ನು ಹಿಂದಿನ ದಿನಗಳ ಅಭ್ಯಾಸದಲ್ಲಿಯೇ ಸಂಪಾದಿಸಿಕೊಳ್ಳಬೇಕಾಗುತ್ತದೆ.