‘ನೋಡೋಕೆ ಚೆನ್ನಾಗೇ ಇದ್ದಾರಲ್ಲ?’: ಲೂಪಸ್ ಇರುವ ತಾಯಂದಿರ ಪಾಡು

ಈ ಭಾನುವಾರ ಚರ್ಚ್‌ಗೆ ಬಂದ ತಾಯಿ ಮುಂದಿನ ವಾರ ಕಾಣಲ್ಲ. ‘ಚೆನ್ನಾಗೇ ಇದ್ದಾರಲ್ಲ, ಅದೇನು ಕಾಯಿಲೆಯೋ’ ಅಂತ ಜನ ಆಡಿಕೊಳ್ತಾರೆ. ಲೂಪಸ್ ಇರುವವರಿಗೆ ಈ ಮಾತು ಹೊಸದಲ್ಲ.

ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಅಂಟುರೋಗ ಅಲ್ಲ. 10 ರೋಗಿಗಳಲ್ಲಿ ಸುಮಾರು 9 ಮಂದಿ ಹೆಂಗಸರು, ಅದೂ ಹೆಚ್ಚಾಗಿ ಮಕ್ಕಳನ್ನು ಹೆತ್ತು ಸಾಕುವ ವಯಸ್ಸಿನವರು. ಕೀಲು ನೋವು, ನಿದ್ದೆ ಮಾಡಿದ್ರೂ ಹೋಗದ ಸುಸ್ತು. ನಿನ್ನೆ ಬಟ್ಟೆ ಒಗೆದವರಿಗೆ ಇವತ್ತು ಮಗಳಿಗೆ ಜಡೆ ಹಾಕಲೂ ಬೆರಳು ಬಗ್ಗಲ್ಲ. ಬಿಸಿಲು ಬಿದ್ದರೆ ಇನ್ನೂ ಜಾಸ್ತಿ.

ತಪಸ್ಸುಕಾಲದಲ್ಲಿ ಉಪವಾಸ ಬಿಟ್ಟರೆ, ಬಿಸಿಲಲ್ಲಿ ಶಿಲುಬೆ ಹಾದಿಗೆ ಬರದಿದ್ದರೆ ‘ಭಕ್ತಿ ಕಮ್ಮಿ’ ಅನ್ನೋರೂ ಇದ್ದಾರೆ. ಕಥೋಲಿಕ ಧರ್ಮಸಭೆಯೇ ಕಾಯಿಲೆಯವರಿಗೆ ಉಪವಾಸದಿಂದ ವಿನಾಯ್ತಿ ಕೊಟ್ಟಿದೆ. ಭಾನುವಾರದ ಪೂಜೆಗೂ ಅಷ್ಟೇ. ಫಾದರ್‌ಗೆ ಹೇಳಿಕಳಿಸಿದರೆ ಪರಮಪ್ರಸಾದವನ್ನು ಮನೆಗೇ ತರುವ ಪದ್ಧತಿಯೂ ಇದೆ.

ನಮಗೆ ಹೆಚ್ಚು ಭಯ ಇನ್ನೊಂದರದ್ದು. ಪ್ರಾರ್ಥನೆಯಿಂದ ವಾಸಿಯಾಯ್ತು ಅಂತ ಕೆಲವರು ಮಾತ್ರೆಯನ್ನೇ ಬಿಡ್ತಾರೆ. ಡಾಕ್ಟರನ್ನು ಕೇಳದೆ ಬಿಟ್ಟರೆ ಕಾಯಿಲೆ ಮತ್ತೆ ಕೆರಳಿ ಕಿಡ್ನಿಗೂ ಪೆಟ್ಟು ಬೀಳಬಹುದು. ಪ್ರಾರ್ಥನೆ ನಡೀಲಿ, ಮಾತ್ರೆಯೂ ನಡೀಲಿ.

ಅಂಗಡಿಯವರೇ, ಇಂಥವರು ಬಂದಾಗ ನೆರಳಲ್ಲಿ ಒಂದು ಸ್ಟೂಲ್ ಹಾಕಿ, ಮೊದಲು ಅವರ ಚೀಟಿ ತಗೊಳ್ಳಿ.