ಎಂಟನೇ ತರಗತಿಗೇ ಎಂಬಿಬಿಎಸ್ ಅವಸರ

‘ಮಗ ಎಂಟನೇ ಕ್ಲಾಸ್ ಅದಾನ್ರಿ. ಈಗಿಂದ್ಲೇ ಪಿಯುಸಿ ಪಾಠ ಹೇಳಿಸಿದ್ರ ಮುಂದ ಡಾಕ್ಟರ್ ಸೀಟ್ ಸಿಗ್ತದೇನ್ರಿ?’

ಯಾದಗಿರಿ, ಶಹಾಪುರ, ಸುರಪುರದ ಕಡೆಯ ಪಾಲಕರು ಹೀಗೆ ಕೇಳುವುದುಂಟು. ಕೇಳುವಾಗ ಹುಡುಗ ಪಕ್ಕದಲ್ಲೇ ತೂಕಡಿಸುತ್ತಿರುತ್ತಾನೆ. ಅವರು ಬಂದಿರುವುದು ಅವನ ತಲೆನೋವಿಗೆ.

ಸೀಟಿನ ಮಾತು ಮೊದಲು ಮುಗಿಸೋಣ. ಅಮೆರಿಕದಲ್ಲಿ ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಪಾಠ ಓದಿ ಅದರ ಅಂಕವನ್ನು ಜಮಾ ಮಾಡಿಕೊಳ್ಳುವ ಪದ್ಧತಿ ಇದೆ. ಅಲ್ಲಿನ ಕೆಲವು ವೈದ್ಯಕೀಯ ಕಾಲೇಜುಗಳೂ ಅದನ್ನು ಒಪ್ಪುವುದಿಲ್ಲ. ನಮ್ಮಲ್ಲಂತೂ ಮುಂಚಿತವಾಗಿ ಓದಿದ್ದಕ್ಕೆ ಒಂದು ಅಂಕವೂ ಇಲ್ಲ. ಸೀಟು ಕೊಡುವುದು 720 ಅಂಕಗಳ ನೀಟ್ ಪರೀಕ್ಷೆಯ ರ್‍ಯಾಂಕ್ ನೋಡಿ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲಾತಿ ವರ್ಗಕ್ಕೆ ಶೇ 40 ಬೇಕು. ಅದು ಅರ್ಹತೆಗೆ ಮಾತ್ರ. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ತರಗತಿ ಜಿಗಿಸಿ ಓದಿಸಿದರೂ ಕಾಯುವುದು ತಪ್ಪದು. 16 ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದೆ.

ನಮ್ಮ ಭಾಗದ ಮಕ್ಕಳಿಗೆ ನಿಜವಾಗಿ ಒದಗುವುದು ಸಂವಿಧಾನದ 371(ಜೆ) ವಿಧಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಸೀಟುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಮೀಸಲು. ಯಾದಗಿರಿಯಲ್ಲೇ 2022ರಲ್ಲಿ 150 ಸೀಟುಗಳ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಯಿತು. ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರವನ್ನು ಸಕಾಲದಲ್ಲಿ ಮಾಡಿಸಿಡಿ.

ಇನ್ನು ತಲೆನೋವು. 13ರಿಂದ 18ರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ಬೆಳಗಿನ ನಾಲ್ಕಕ್ಕೆ ಎಬ್ಬಿಸಬೇಕೆಂದರೆ ರಾತ್ರಿ ಎಂಟಕ್ಕೇ ಮಲಗಿಸಬೇಕು. ಯಾರ ಮನೆಯಲ್ಲಿ ಇದು ನಡೆದೀತು? ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಹಿಂದೆ ಸರಿದು ರಾತ್ರಿ ನಿದ್ದೆ ತಡವಾಗಿ ಹತ್ತುತ್ತದೆ. ಮಗುವನ್ನು ಸೋಮಾರಿ ಎಂದು ಬೈಯಬೇಡಿ.

ಚಹಾ, ಬಿಸ್ಕೀಟು ತಿಂದು ಟ್ಯೂಷನ್ನಿಗೆ ಓಡುವ ಹೆಣ್ಣುಮಕ್ಕಳಲ್ಲಿ ರಕ್ತಹೀನತೆಯನ್ನೂ ನೋಡಬೇಕು. ಆಯಾಸ, ತಲೆಸುತ್ತು, ಓದಿದ್ದು ತಲೆಗೆ ಹತ್ತದಿರುವುದು ಅದರ ಲಕ್ಷಣ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಚಿಕಿತ್ಸೆ ಬೇಕು. ಮುಂಜಾನೆ ಒಂದು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಿಂದು ಹೋಗಲಿ. ಬ್ಯಾಳಿಗೆ ನಿಂಬೆ ಹಿಂಡಿ. ಊಟದ ಜೊತೆಗೆ ಚಹಾ ಬೇಡ, ಅದು ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಊಟದ ನಂತರ ನುಂಗಲಿ, ಬಿಸಾಡದಿರಲಿ.

ಮಗು ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ಊಟ, ಮಾತು, ಆಟ ಬಿಟ್ಟಿದ್ದರೆ ವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದರೆ ಅದೇ ದಿನ ಕರೆದೊಯ್ಯಿರಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಟೆಲಿಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.