ದಣಿದ ಕೈಯೂ ಮಿದುಳಿನ ಉಪಾಯವೂ

ಹೊಲಿಗೆಯ ತರಗತಿಯಲ್ಲಿ ಬಹಳ ಹೊತ್ತು ಕುಳಿತವರೂ ಬಾವಿಯಿಂದ ಕೊಡದ ಮೇಲೆ ಕೊಡ ನೀರು ಸೇದಿದವರೂ ಈ ಸಂಗತಿಯನ್ನು ಅನುಭವದಿಂದಲೇ ಬಲ್ಲರು. ಮೊದಲು ಹಗುರವೆನಿಸಿದ ಕೊಡವು ಹತ್ತನೆಯ ಸಲಕ್ಕೆ ಭಾರವಾಗುವದು. ಕೊಡದ ತೂಕವೇನೂ ಹೆಚ್ಚಲಿಲ್ಲ; ಹಾಗಾದರೆ ಹೆಚ್ಚಿದ್ದು ಯಾವದು? ಭಾರವಾದರೂ ಅದು ಮೇಲಕ್ಕೆ ಬರುತ್ತಲೇ ಇರುವದು ಹೇಗೆ? ಇದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಹೆತ್ತವರಿಗೂ ತಕ್ಕಮಟ್ಟಿಗೆ ವಿವರಿಸಬೇಕೆಂದು ಬಯಸುತ್ತೇವೆ.

ದಣಿವನ್ನು ಯಂತ್ರದಿಂದ ಅಳೆದವರಲ್ಲಿ ಇಟಲಿಯ ಟ್ಯೂರಿನ್ ಪಟ್ಟಣದ ಪಂಡಿತರಾದ ಆಂಜೆಲೊ ಮೊಸ್ಸೊ ಎಂಬವರು ಪ್ರಸಿದ್ಧರು. ಅವರು ಮುಂಗೈಯನ್ನು ಅಲುಗದಂತೆ ಬಿಗಿದು, ನಡುಬೆರಳಿಗೆ ದಾರ ಕಟ್ಟಿ, ರಾಟೆಯ ಮೇಲಿಂದ ತೂಕವೊಂದನ್ನು ಇಳಿಬಿಡುತ್ತಿದ್ದರು. ತಾಳಕ್ಕೆ ಸರಿಯಾಗಿ ಬೆರಳನ್ನು ಮಡಚಿದಂತೆಲ್ಲ ಮಸಿ ಹಿಡಿಸಿದ ಕಾಗದದ ಮೇಲೆ ಗೆರೆ ಮೂಡುವದು. ಗೆರೆಗಳು ಬರಬರುತ್ತ ಗಿಡ್ಡವಾಗಿ ಕಡೆಗೆ ನಿಂತೇಹೋಗುವವು. ವಿದ್ಯಾರ್ಥಿಗಳನ್ನು ಬಹಳ ಹೊತ್ತು ಪರೀಕ್ಷಿಸಿ ಬಂದ ಉಪಾಧ್ಯಾಯರೊಬ್ಬರ ಬೆರಳು ಅಂದು ಬೇಗನೆ ಸೋತಿತೆಂಬದು 1891ರಲ್ಲಿ ಪ್ರಕಟವಾದ ಮೊಸ್ಸೊ ಅವರ ಗ್ರಂಥದಿಂದ ತಿಳಿಯುತ್ತದೆ. ಉಪಾಧ್ಯಾಯರಾದ ನಮಗೆ ಇದರಲ್ಲಿ ಹೊಸದೇನೂ ಕಾಣದು! ಬೆರಳು ದುಡಿಯದೆ ಇದ್ದರೂ ಸೋತದ್ದರಿಂದ, ದಣಿವು ನರಮಂಡಲಕ್ಕೂ ಸೇರಿದ್ದೆಂದು ಅವರು ಕಂಡರು. ಆದರೆ 1954ರಲ್ಲಿ ಲಂಡನಿನ ಮರ್ಟನ್ ಎಂಬವರು ಸೋತ ಹೆಬ್ಬೆರಳಿನ ನರಕ್ಕೆ ವಿದ್ಯುತ್ತನ್ನು ತಾಕಿಸಿದರೂ ಬಲವು ಹೆಚ್ಚದಿದ್ದದ್ದನ್ನು ನೋಡಿ, ಸೋಲು ಸ್ನಾಯುವಿನದೇ ಎಂದರು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟೆಂದು ಮುಂದಿನ ಶೋಧನೆಗಳಿಂದ ತಿಳಿದುಬಂದಿದೆ.

ಸ್ನಾಯುವು ಅನೇಕ ಎಳೆಗಳ ಕಟ್ಟುಗಳಿಂದಾದದ್ದು. ಒಂದೊಂದು ಕಟ್ಟನ್ನು ಬೆನ್ನುಹುರಿಯ ಒಂದೊಂದು ಜೀವಕೋಶವು ಆಳುತ್ತದೆ. ಹಗುರವಾದ ಕೆಲಸಕ್ಕೆ ಕೆಲವು ಕಟ್ಟುಗಳು ಸಾಕು. ಅವು ಬಳಲುತ್ತಲೇ ಮಿದುಳು ತನ್ನ ಅಪ್ಪಣೆಯನ್ನು ಬಿರುಸು ಮಾಡಿ, ಸುಮ್ಮನಿದ್ದ ಕಟ್ಟುಗಳನ್ನೂ ಕೆಲಸಕ್ಕೆ ಕರೆಯುವದು. ನಮಗೆ ತೋರುವ ಭಾರವು ಬಹುಮಟ್ಟಿಗೆ ಈ ಅಪ್ಪಣೆಯ ಭಾರವೇ. ಹೇಗಂದರೆ, ಒಂದು ಕೈ ದಣಿದಿರುವಾಗ ಅದು ಹಿಡಿದ ತೂಕಕ್ಕೆ ಸಮನಾದದ್ದನ್ನು ಇನ್ನೊಂದು ಕೈಯಿಂದ ಆರಿಸಹೇಳಿದರೆ, ಮನುಷ್ಯನು ನಿಜವಾಗಿ ಹೆಚ್ಚು ತೂಗುವದನ್ನೇ ಆರಿಸುವನು. ಸ್ನಾಯುವಿನೊಳಗಿನ ಸಣ್ಣ ನರಗಳು ಅಲ್ಲಿ ಕೂಡಿದ ರಸಗಳ ವರ್ತಮಾನವನ್ನೂ ಮೇಲಕ್ಕೆ ಮುಟ್ಟಿಸುವವು. ದಣಿದ ಕೈಗೆ ಪಟ್ಟಿ ಬಿಗಿದು ರಕ್ತವನ್ನು ತಡೆದರೆ, ವಿಶ್ರಮಿಸಿದರೂ ಕುಗ್ಗಿದ ನರಗಳ ಸಂಕೇತವು ಚೇತರಿಸಿಕೊಳ್ಳದೆಂದೂ, ರಕ್ತವನ್ನು ಬಿಟ್ಟಮೇಲೆಯೇ ಚೇತರಿಸುವದೆಂದೂ 1986ರಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿತು.

ಇದಕ್ಕಿಂತಲೂ ಸೋಜಿಗವಾದ ಉಪಾಯವೊಂದುಂಟು. 1920ರ ದಶಕದಲ್ಲಿ ಮಾಸ್ಕೋ ನಗರದ ನಿಕೊಲಾಯ್ ಬರ್ನ್‌ಸ್ಟೈನ್ ಎಂಬವರು ಸುತ್ತಿಗೆ ಬೀಸುವವರ ಕೈಗಳಿಗೆ ಸಣ್ಣ ದೀಪಗಳನ್ನು ಕಟ್ಟಿ ಛಾಯಾಚಿತ್ರ ತೆಗೆದರು. ಸುತ್ತಿಗೆಯ ತುದಿ ಪ್ರತಿಸಲವೂ ಹೆಚ್ಚುಕಡಮೆ ಒಂದೇ ದಾರಿ ಹಿಡಿಯುತ್ತಿತ್ತು. ಹೆಗಲು, ಮೊಣಕೈ, ಮಣಿಕಟ್ಟುಗಳು ಮಾತ್ರ ಒಂದು ಸಲದಂತೆ ಇನ್ನೊಂದು ಸಲ ಚಲಿಸುತ್ತಿರಲಿಲ್ಲ. ಕೆನಡದ ಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ದಣಿಯುವ ವರೆಗೆ ಗರಗಸ ಎಳೆಯಹೇಳಿದರು. ಮೊಣಕೈಯ ಚಲನೆ ಕುಗ್ಗಿತು. ಆದರೂ ಗರಗಸದ ಓಟ ಕೆಡಲಿಲ್ಲ. ಕೊರತೆಯನ್ನು ಬೇರೆ ಕೀಲುಗಳೂ ಮುಂಡವೂ ತುಂಬಿಕೊಟ್ಟವು. ಗುರಿಯನ್ನು ಬಿಡದೆ ದಾರಿಯನ್ನು ಬದಲಿಸುವ ಈ ಜಾಣ್ಮೆಯನ್ನು ನಮ್ಮೊಳಗಿಟ್ಟ ಸೃಷ್ಟಿಕರ್ತನ ಜ್ಞಾನವು ದೊಡ್ಡದು.

ಇದನ್ನು ಓದಿದಾಗ ನಾವು ನಾಚಿದೆವೆಂದು ಒಪ್ಪಿಕೊಳ್ಳಬೇಕು. ದೀರ್ಘವಾದ ಪರೀಕ್ಷೆಯ ಕೊನೆಯಲ್ಲಿ ಹುಡುಗಿಯೊಬ್ಬಳು ಬೆನ್ನು ವಾಲಿಸಿ, ಹೆಗಲಿನಿಂದಲೇ ಲೇಖನಿಯನ್ನು ನಡಿಸುತ್ತಿದ್ದರೆ, "ನೆಟ್ಟಗೆ ಕೂತುಕೊಳ್ಳಮ್ಮಾ, ಕೈಯನ್ನು ಹಾಗೆ ಹಾರಿಸಬೇಡ" ಎಂದು ಗದರಿಸುತ್ತಿದ್ದವರು ನಾವೇ. ಒಬ್ಬಳು ಭಯದಿಂದ ಹೆಗಲನ್ನು ಬಿಗಿಹಿಡಿದು ಬರೆದಳು. ಕೊನೆಯ ಪುಟದ ಅಕ್ಷರಗಳನ್ನು ಓದಲಾಗಲಿಲ್ಲ, ಅಂಕಗಳೂ ಹೋದವು. ಅವಳ ಮಿದುಳು ಕಂಡುಕೊಂಡ ದಾರಿಯನ್ನು ನಾವು ಮುಚ್ಚಿಬಿಟ್ಟಿದ್ದೆವು. ಅವಳು ಈ ಸಂಚಿಕೆಯನ್ನು ಓದುವಳೆಂದು ನಂಬುತ್ತೇವೆ.

ಹಾಗೆಂದು ಈ ಉಪಾಯವು ಪುಕ್ಕಟೆಯಾಗಿ ದೊರೆಯುವದಲ್ಲ. ಕೈಯ ಹೊರೆಯನ್ನು ಕುತ್ತಿಗೆಯೂ ಹೆಗಲೂ ಹೊರುವವು. ದಿನವೆಲ್ಲ ಹೊಲಿಯುವ ಹೆಂಗಸರು ಕುತ್ತಿಗೆನೋವನ್ನು ಹೇಳಿಕೊಳ್ಳುವದಕ್ಕೆ ಇದೂ ಒಂದು ಕಾರಣ. ಆದದರಿಂದ ನಮ್ಮ ಹೊಲಿಗೆಯ ಪಾಠದಲ್ಲಿ ಈಗ ಅರ್ಧ ಗಂಟೆಗೊಮ್ಮೆ ಐದು ನಿಮಿಷ ಸೂಜಿಯನ್ನು ಕೆಳಗಿಡಿಸುತ್ತೇವೆ. ಐದು ನಿಮಿಷ ಕಳೆದರೂ ಅದನ್ನು ಕೈಗೆತ್ತಿಕೊಳ್ಳದವರು ಕೆಲವರುಂಟು. ಅದು ಸ್ನಾಯುವಿನ ದಣಿವಲ್ಲವೆಂದು ನಮಗೆ ಗೊತ್ತು.